ಹಣೆಗೆ ಪಿಸ್ತೂಲು ಹಿಡಿಯುವ ಮೊದಲು

2020ರ ಮಾರ್ಚ್ 10ರಂದು ದೇಶದ ಮೊದಲ ಕೊರೊನಾ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯಲ್ಲಿ. ಆ ಮೇಲೆ ಅಂಗಡಿ ಬಾಗಿಲಿಗೆ ಜ್ವರ ನೋಡುವ ಪಿಸ್ತೂಲು ಬಂತು. ಕೆಲವರ ಗಲ್ಲಾದೊಳಗೆ ಅದು ಇನ್ನೂ ಅದ. ಯಾರಿಗಾದರೂ ಮೈ ಬಿಸಿಯಾದರೆ ಅದನ್ನೇ ತೆಗೆದು, "97 ತೋರಿಸ್ತದ, ಜ್ವರ ಎಲ್ಲದರಿ?" ಅಂದುಬಿಡುತ್ತಾರೆ. ಇದು ಅಪಾಯದ ಮಾತು.

ಈ ಯಂತ್ರ ಅಳೆಯುವುದು ಚರ್ಮದ ಮೇಲಿನ ಶಾಖವನ್ನು ಮಾತ್ರ. ಶಹಾಬಾದ್ ಬಸ್‌ಸ್ಟ್ಯಾಂಡಿನ ಬಿಸಿಲಲ್ಲಿ ನಿಂತು ಬಂದವನ ಹಣೆ, ಜ್ವರವಿಲ್ಲದಿದ್ದರೂ ಹೆಚ್ಚು ತೋರಿಸೀತು. ಬೆವರಿದ ಹಣೆ, ಜ್ವರವಿದ್ದರೂ ಕಡಿಮೆ ತೋರಿಸೀತು. ಕಾಲು ಗಂಟೆ ನೆರಳಲ್ಲಿ ಕೂಡಿಸಿ, ಬೆವರು ಒರೆಸಿ, ಡಬ್ಬಿಯ ಮೇಲೆ ಬರೆದಷ್ಟೇ ಅಂತರದಿಂದ ನೋಡಬೇಕು.

ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳಲ್ಲಿ ಭಟ್ಟಿಯ ಬಿಸಿ ನೋಡುವ ಪಿಸ್ತೂಲಿನ ಜಾತಿಯೇ ಬೇರೆ. ಎರಡು ಡಿಗ್ರಿ ಹೆಚ್ಚುಕಡಿಮೆ ಭಟ್ಟಿಗೆ ನಡೆದೀತು, ಮನುಷ್ಯನಿಗೆ ನಡೆಯದು. ಅದರ ಕೆಂಪು ಲೇಸರ್ ಕಣ್ಣಿಗೆ ಬೀಳಲೇಬಾರದು.

ಸಂಶಯ ಬಂದರೆ ಕಂಕುಳಲ್ಲಿಡುವ ಥರ್ಮಾಮೀಟರೇ ಗತಿ. ತುದಿಯನ್ನು ಸಾಬೂನು ಹಚ್ಚಿ ತಣ್ಣೀರಲ್ಲಿ ತೊಳೆದು, ಸದ್ದು ಬರುವವರೆಗೆ ಅದುಮಿ ಹಿಡಿಯಿರಿ. 100.4 ದಾಟಿದರೆ ಜ್ವರವೆಂದೇ ತಿಳಿಯಿರಿ. ಹಳೆಯ ಪಾದರಸದ್ದು ಒಡೆದರೆ ಬರಿಗೈ ಹಚ್ಚಬೇಡಿ, ಕಸಬರಿಗೆ ಆಡಿಸಬೇಡಿ. ಕಿಟಕಿ ತೆರೆದು, ದಪ್ಪ ಕಾಗದದಿಂದ ಬಳಿದು ಡಬ್ಬಿಯಲ್ಲಿ ಮುಚ್ಚಿಡಿ.

ಕೊನೆಯ ಮಾತು. ಚಿತ್ತಾಪುರವಿರಲಿ, ಚಿಂಚೋಳಿಯಿರಲಿ, ಬೇಸಿಗೆಯಲ್ಲಿ ಹೊಲದಿಂದ ಬಂದವನು ಬಿಸಿಲು ಬಡಿದು ಏನೇನೋ ಬಡಬಡಿಸುತ್ತಿದ್ದರೆ, ಪಿಸ್ತೂಲು ನಾರ್ಮಲ್ ಅಂದರೂ ಕಾಯಬೇಡಿ. ಮೈಮೇಲೆ ನೀರು ಹಾಕಿ, ಗಾಳಿ ಬೀಸುತ್ತ ದವಾಖಾನೆಗೆ ಒಯ್ಯಿರಿ. ಮೊದಲು ಮನುಷ್ಯಾನ್ನ ನೋಡ್ರಿ, ಅಂಕಿ ಆಮ್ಯಾಲ.