ಕೋಳಿ ಕಾಯುವ ನಾಯಿ: ಕೋರ್ಟಿನ ಆದೇಶವೂ ನಮ್ಮ ಹಿತ್ತಿಲೂ

ಬೀದಿನಾಯಿಗಳ ಪ್ರಶ್ನೆ 2025ರಲ್ಲಿ ದೇಶದಲ್ಲೆಲ್ಲ ಸುದ್ದಿಯಾಯಿತು. ದೆಹಲಿ ಸುತ್ತಲಿನ ಬೀದಿನಾಯಿಗಳನ್ನು ಹಿಡಿದು ಆಶ್ರಯಗಳಲ್ಲಿ ಇಡಬೇಕೆಂದು ಆಗಸ್ಟ್ 11ರಂದು ಸುಪ್ರೀಂ ಕೋರ್ಟು ಆದೇಶಿಸಿತು. ಅದೇ 22ರಂದು ಆ ಆದೇಶ ಬದಲಾಯಿತು. ಸಂತಾನಹರಣ ಚಿಕಿತ್ಸೆ ಮಾಡಿ, ಚುಚ್ಚುಮದ್ದು ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು. ಹುಚ್ಚು ಹಿಡಿದ ಮತ್ತು ಮೈಮೇಲೆ ಬೀಳುವ ನಾಯಿಗಳನ್ನು ಮಾತ್ರ ಬಿಡಕೂಡದು ಎಂದಾಯಿತು. ನವೆಂಬರ್ 7ರ ಆದೇಶವು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಜಾಗಗಳನ್ನು ಕುರಿತದ್ದು.

ಈ ಆದೇಶಗಳಲ್ಲಿ ನಿಮ್ಮ ಹಿತ್ತಿಲ ಕೋಳಿಗೆ ರಕ್ಷಣೆ ಹುಡುಕಿದರೆ ಸಿಗದು. 2019ರ ಜಾನುವಾರು ಗಣತಿಯ ಪ್ರಕಾರ ದೇಶದ 85 ಕೋಟಿ ಕೋಳಿಗಳಲ್ಲಿ ಸುಮಾರು 31.7 ಕೋಟಿ ಹಿತ್ತಿಲ ಕೋಳಿಗಳು. 2012ರ ಗಣತಿಗಿಂತ ಇದು ಶೇಕಡಾ 45ರಷ್ಟು ಹೆಚ್ಚು. ಮೊಟ್ಟೆ ಮಾರಿದ ದುಡ್ಡು ಬಹುತೇಕ ಮನೆಯಾಕೆಯ ಕೈಖರ್ಚಿನದು. ನಾಯಿಗಳು ಒಂದು ರಾತ್ರಿ ಗೂಡಿಗೆ ನುಗ್ಗಿದರೆ ಆ ಆದಾಯ ತಿಂಗಳುಗಟ್ಟಲೆ ನಿಂತುಹೋಗುತ್ತದೆ.

ರುಚಿ ಹತ್ತಿಸುವವರು ನಾವೇ

ಸತ್ತ ಕೋಳಿಗಳನ್ನೂ ಮಾಂಸದಂಗಡಿಯ ಕಸವನ್ನೂ ಹಳ್ಳಕ್ಕೆ ಎಸೆಯುವುದು ಎಷ್ಟೋ ಊರುಗಳಲ್ಲಿ ರೂಢಿಯಾಗಿದೆ. ಅಲ್ಲಿ ರುಚಿ ಕಂಡ ನಾಯಿ, ಹಳ್ಳ ಬರಿದಾದ ದಿನ ನಿಮ್ಮ ಗೂಡಿಗೆ ಬರುತ್ತದೆ. ಸತ್ತ ಕೋಳಿಯನ್ನು ಆಳವಾಗಿ ಹೂತು ಸುಣ್ಣ ಹಾಕಬೇಕು. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಹಕ್ಕಿಜ್ವರ ಕಂಡ ಮೇಲಂತೂ ಇದನ್ನು ಅಲಕ್ಷಿಸುವಂತಿಲ್ಲ. ಕೋಳಿಗಳು ಒಮ್ಮೆಲೇ ಹಲವು ಸತ್ತರೆ ಮೊದಲು ಪಶು ವೈದ್ಯರಿಗೆ ತಿಳಿಸಿ.

ಸಿಟ್ಟಿನಿಂದ ವಿಷ ಇಡುವವರುಂಟು. ಇದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಂತೆ ಐದು ವರ್ಷಗಳವರೆಗೆ ಶಿಕ್ಷೆಯಾಗಬಹುದಾದ ಅಪರಾಧ. ವಿಷವನ್ನು ನಿಮ್ಮ ಕೋಳಿ, ದನವೂ ತಿನ್ನಬಹುದು. ಸತ್ತ ನಾಯಿಯ ಜಾಗಕ್ಕೆ ಇನ್ನೊಂದು ಬರುತ್ತದೆ. ಆದ್ದರಿಂದ ಭದ್ರವಾದ ಗೂಡು ಮತ್ತು ಪಳಗಿದ ಸ್ವಂತ ನಾಯಿ, ಇವೆರಡೇ ನಂಬಬಹುದಾದ ಕಾವಲು.

ಮರಿಯ ಆಯ್ಕೆ

ಹೆಸರಿಗೆ ಮರುಳಾಗಬೇಡಿ. ಮುಧೋಳ ನಾಯಿ ನಾಡಿನ ಹೆಮ್ಮೆ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದಿತು. ಆದರೆ ಅದು ಓಡುವ ಮೊಲವನ್ನು ಕಣ್ಣಿನಿಂದಲೇ ಗುರುತಿಸಿ ಅಟ್ಟುವ ಬೇಟೆಯ ತಳಿ. ಓಡುವ ಕೋಳಿಯೂ ಅದಕ್ಕೆ ಮೊಲದ ಹಾಗೆಯೇ. ಕೋಳಿ ಓಡಾಡುವ ಅಂಗಳದಲ್ಲಿ ಶಾಂತವಾಗಿ ಮಲಗಿರುವ ಊರನಾಯಿಯ ಮರಿ ಈ ಕೆಲಸಕ್ಕೆ ಹೆಚ್ಚು ಒಗ್ಗುತ್ತದೆ. ತಾಯಿಯ ಗುಣ ನೋಡಿ, ಎಂಟು ವಾರ ತುಂಬಿದ ಮೇಲೆ ಮರಿ ತನ್ನಿ. ಕೋಳಿ ಕಂಡು ನೋಡಿ ಸುಮ್ಮನಾಗುವ ಮರಿ ಒಳ್ಳೆಯದು. ಹೊಂಚು ಹಾಕಿ ನೆಟ್ಟ ದೃಷ್ಟಿಯಿಂದ ನಿಲ್ಲುವ ಮರಿ ಬೇಡ.

ಪಳಗಿಸುವ ಕ್ರಮ

ಮೊದಲ ವಾರಗಳಲ್ಲಿ ಮರಿಯನ್ನು ಹಗ್ಗದಲ್ಲಿ ಹಿಡಿದು, ದಿನಕ್ಕೆರಡು ಸಲ ಸ್ವಲ್ಪ ಹೊತ್ತು ಕೋಳಿಗಳ ಬಳಿ ಕೂರಿಸಿ. ಸುಮ್ಮನಿದ್ದರೆ ರೊಟ್ಟಿಯ ಚೂರು ಕೊಟ್ಟು ಮೈದಡವಿ. ಮುನ್ನುಗ್ಗಿದರೆ ‘ಬೇಡ’ ಎಂದು ಗದರಿಸಿ ದೂರ ಒಯ್ಯಿರಿ. ಮನೆಯವರೆಲ್ಲ ಒಂದೇ ಮಾತು ಬಳಸಬೇಕು. ಹೊಡೆಯುವುದು, ಸತ್ತ ಕೋಳಿಯನ್ನು ಕೊರಳಿಗೆ ಕಟ್ಟುವುದು ಪ್ರಯೋಜನವಿಲ್ಲದ ಹಿಂಸೆ. ಅದರಿಂದ ನಾಯಿ ನಿಮಗೆ ಹೆದರೀತೇ ಹೊರತು ಕೋಳಿಯನ್ನು ಬಿಡುವುದನ್ನು ಕಲಿಯದು.

ನಾಯಿಯ ಊಟದ ಜಾಗಕ್ಕೆ ಕೋಳಿ ಬಾರದಂತೆ ನೋಡಿಕೊಳ್ಳಿ. ಒಡೆದ ಮೊಟ್ಟೆ, ಹಸಿ ಕರುಳು ಹಾಕಲೇಬೇಡಿ. ಆರು ತಿಂಗಳಿಂದ ಒಂದೂವರೆ ವರ್ಷದವರೆಗಿನ ಕಾಲವೇ ಅಪಾಯದ್ದು. ಪ್ರಾಯದ ನಾಯಿ ಆಟಕ್ಕೆಂದು ಅಟ್ಟಿ ಕೋಳಿ ಕೊಂದೀತು. ಆಗ ನೀವು ಎದುರಿಗಿಲ್ಲದಾಗ ಬಿಡಕೂಡದು. ಮರಿಗಳಿರುವ ತಾಯಿಕೋಳಿಯನ್ನಂತೂ ಬೇರೆ ಇಡಿ.

ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸಿ, ಮುಂದೆ ವೈದ್ಯರು ಹೇಳಿದಂತೆ ಪ್ರತಿ ವರ್ಷವೂ ಹಾಕಿಸುತ್ತಿರಿ.

2023ರ ನಿಯಮಗಳಂತೆ ಬೀದಿನಾಯಿಗಳ ಸಂತಾನ ನಿಯಂತ್ರಣ ಸ್ಥಳೀಯ ಸಂಸ್ಥೆಗಳ ಹೊಣೆ. ಪಂಚಾಯಿತಿಯೂ ಇದರಲ್ಲಿ ಸೇರಿದೆ. ಮುಂದಿನ ಗ್ರಾಮಸಭೆಯಲ್ಲಿ ಈ ಮಾತನ್ನೂ, ಹಳ್ಳಕ್ಕೆ ಬೀಳುವ ಕೋಳಿ ಕಸದ ಮಾತನ್ನೂ ಎತ್ತಿರಿ. ಆದೇಶಗಳು ಬದಲಾಗುತ್ತಿರುತ್ತವೆ. ಸಂಜೆ ಗೂಡಿನ ಬಾಗಿಲಿಗೆ ಚಿಲಕ ಹಾಕುವ ಕೆಲಸ ಮಾತ್ರ ದಿನವೂ ನಿಮ್ಮದೇ.