ಕಾಳುಮೆಣಸಿನ ಧಾರಣೆಯನ್ನು ದರ್ಜೆವಾರು, ದಿನಾಂಕ ಸಹಿತ ಪ್ರಕಟಿಸಲು ಕೋರಿ ಮನವಿ

ಗೆ,
ಮಾನ್ಯ ನಿರ್ದೇಶಕರು,
ಕೃಷಿ ಮಾರುಕಟ್ಟೆ ಧಾರಣೆ ಜಾಲತಾಣದ ಉಸ್ತುವಾರಿ ಕಚೇರಿ

ಇಂದ,
ಮಲೆನಾಡಿನ ಕಾಫಿ, ಕಾಳುಮೆಣಸು ಬೆಳೆಗಾರರು (ಸಹಿ ಹಾಳೆ ಲಗತ್ತಿಸಿದೆ)

ಮಾನ್ಯರೇ,

ಕಾಳುಮೆಣಸಿನ ಧಾರಣೆಯನ್ನು ದರ್ಜೆವಾರು ಪ್ರಕಟಿಸಬೇಕೆಂಬ ಬೇಡಿಕೆಯನ್ನು ಹಿಂದೆಯೂ ಬರೆದು ಸಲ್ಲಿಸಿದ್ದೇವೆ. ಬಂದ ಉತ್ತರ ಪ್ರತಿ ಸಲವೂ ಒಂದೇ: ‘ಪರಿಶೀಲನೆಯಲ್ಲಿದೆ’. ಈ ವರ್ಷದ ಕೊಯ್ಲಿನಲ್ಲಿ ಆದ ನಷ್ಟವನ್ನು ನೋಡಿದ ಮೇಲೆ ಇನ್ನು ಸುಮ್ಮನಿರಲು ಸಾಧ್ಯವಿಲ್ಲವೆಂದು ದಾಖಲೆ ಸಮೇತ ಬಂದಿದ್ದೇವೆ.

ಜಾಲತಾಣದಲ್ಲಿ ಕಾಳುಮೆಣಸಿಗೆ ಇರುವುದು ಒಂದೇ ಸಾಲು. ಲೀಟರ್ ತೂಕ 550 ಗ್ರಾಂ ದಾಟಿದ, ಶೇ 11ರ ಆಸುಪಾಸಿಗೆ ಒಣಗಿಸಿದ ಗಟ್ಟಿ ಕಾಳಿಗೂ, ಜೊಳ್ಳು ಬೆರೆತ ಹಸಿ ಕಾಳಿಗೂ ಅಲ್ಲಿ ಒಂದೇ ದರ. ಪಣಿಯೂರು–1, ಮಲ್ಲಿಗೆಸರ, ಕರಿಮುಂಡ ಎಲ್ಲವೂ ಅಲ್ಲಿ ಬರೀ ‘ಕಾಳುಮೆಣಸು’. ಅದಕ್ಕಿಂತ ಕೆಟ್ಟದ್ದೆಂದರೆ, ವ್ಯಾಪಾರವೇ ನಡೆಯದ ದಿನಗಳಲ್ಲಿ ಹಳೆಯ ಅಂಕಿಯೇ ಹೊಸ ದಿನಾಂಕ ಹೊತ್ತು ಕೂರುತ್ತದೆ. ಮಾರುಕಟ್ಟೆಗೆ ರಜೆ ಇದ್ದ ದಿನವೂ ದರ ಪ್ರಕಟವಾಗಿದೆ. ಪರದೆಯ ಮುದ್ರಿತ ಪ್ರತಿಗಳು ಅಡಕ 1ರಲ್ಲಿವೆ. ಅದೇ ದಿನಗಳಲ್ಲಿ ನಮ್ಮಲ್ಲಿ ಕೆಲವರು ಹೊರಗೆ ಮಾರಿದ ಬಿಲ್ಲುಗಳು ಅಡಕ 2ರಲ್ಲಿ, ತೇವಾಂಶ ಮತ್ತು ಲೀಟರ್ ತೂಕದ ಚೀಟಿಗಳು ಅಡಕ 3ರಲ್ಲಿ, ಹಿಂದಿನ ಮನವಿಗಳ ಸ್ವೀಕೃತಿ ಪತ್ರಗಳು ಅಡಕ 4ರಲ್ಲಿವೆ. ಮೊದಲ ಮೂರನ್ನು ಪಕ್ಕಪಕ್ಕ ಇಟ್ಟು ನೋಡಬೇಕೆಂದು ಕೋರುತ್ತೇವೆ.

ಇದರಿಂದ ಆಗುವ ಹಾನಿ ಹೇಗೆಂದು ತಮಗೆ ತಿಳಿಯಬೇಕು. ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಮೆಣಸಿನ ಕೊಯ್ಲು. ಏಣಿ ಹತ್ತುವವರ ಕೂಲಿ ವಾರದ ಕೊನೆಗೆ ಕೊಡಲೇಬೇಕು, ಸೊಸೈಟಿ ಸಾಲದ ಗಡುವು ಮಾರ್ಚ್ ತಿಂಗಳಲ್ಲೇ ಬರುತ್ತದೆ. ಸಣ್ಣ ಬೆಳೆಗಾರ ಕಾಳನ್ನು ಮನೆಯಲ್ಲಿಟ್ಟು ಕಾಯಲಾರ. ಖರೀದಿಗೆ ಬಂದವರು ಮೊಬೈಲ್ ತೆರೆದು ‘ಸರ್ಕಾರದ್ದೇ ದರ, ನೋಡಿ’ ಎನ್ನುತ್ತಾರೆ. ಅದರ ಮೇಲೆ ತೇವಾಂಶಕ್ಕೆಂದು ಇನ್ನಷ್ಟು ಕಡಿತ. ಕಿಲೋಗೆ 20 ರೂಪಾಯಿ ತಪ್ಪಿದರೆ ಕ್ವಿಂಟಾಲಿಗೆ 2,000 ರೂಪಾಯಿ ಹೋಯಿತು. ಬೆಳೆಗಾರನ ಕೈ ಬಲಪಡಿಸಲು ಮಾಡಿದ ಜಾಲತಾಣ ಇಂದು ಬೆಲೆ ಮುರಿಯುವವರ ಕೈಯಲ್ಲಿದೆ. ಇದನ್ನು ಹೇಳಲು ನಮಗೇನೂ ಸಂತೋಷವಿಲ್ಲ.

ದರ್ಜೆವಾರು ಧಾರಣೆ ಪ್ರಕಟಿಸುವುದು ಆಗದ ಕೆಲಸ ಎನ್ನುವಂತಿಲ್ಲ. ಪುಟ್ಟಡಿ, ಬೋಡಿನಾಯಕನೂರುಗಳ ಏಲಕ್ಕಿ ಇ–ಹರಾಜಿನಲ್ಲಿ ಎಷ್ಟು ಲಾಟ್ ಬಂದವು, ಎಷ್ಟು ಕಿಲೋ ಮಾರಾಟವಾಯಿತು, ಗರಿಷ್ಠ ಮತ್ತು ಸರಾಸರಿ ದರ ಎಷ್ಟು ಎಂಬುದನ್ನು ಸಂಬಾರ ಮಂಡಳಿ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಕೊಚ್ಚಿಯಲ್ಲಿ ಗಾರ್ಬಲ್ಡ್ (ಶುಚಿಗೊಳಿಸಿ ವಿಂಗಡಿಸಿದ), ಅನ್‌ಗಾರ್ಬಲ್ಡ್ ಮೆಣಸಿಗೆ ಬೇರೆ ಬೇರೆ ದರ ಹೇಳುತ್ತಾರೆ. ಕೇಂದ್ರದ ಇ–ಮಾರುಕಟ್ಟೆ ವ್ಯವಸ್ಥೆ ಇ–ನಾಮ್ ಬಂದದ್ದು 2016ರ ಏಪ್ರಿಲ್‌ನಲ್ಲಿ. ಇಷ್ಟು ವರ್ಷಗಳ ಬಳಿಕವೂ ನಮ್ಮ ಕಾಳಿಗೆ ದರ್ಜೆಯ ಒಂದು ಕಾಲಂ ಕೇಳಿ ಅರ್ಜಿ ಹಿಡಿದು ನಿಲ್ಲಬೇಕೆ? 1966ರ ಮಾರುಕಟ್ಟೆ ಕಾಯಿದೆ ಮತ್ತು ಅದರ ನಿಯಮಗಳನ್ನು ತಮಗೆ ನಾವು ವಿವರಿಸಬೇಕಾಗಿಲ್ಲ.

ಆದ್ದರಿಂದ ಕಾಳುಮೆಣಸನ್ನು ಲೀಟರ್ ತೂಕ ಮತ್ತು ತೇವಾಂಶದ ಪ್ರಕಾರ ಕನಿಷ್ಠ ಮೂರು ದರ್ಜೆ ಮಾಡಿ ಧಾರಣೆ ಪ್ರಕಟಿಸಬೇಕು. ಆವಕ ಎಷ್ಟೆಂದು ಜೊತೆಗೇ ತೋರಿಸಬೇಕು. ವ್ಯಾಪಾರವಿಲ್ಲದ ದಿನ ‘ವ್ಯಾಪಾರವಿಲ್ಲ’ ಎಂದೇ ಬರೆಯಬೇಕು. ತಪ್ಪು ಅಂಕಿ ಹಾಕಿದವರ ಹೊಣೆ ನಿಗದಿಯಾಗಬೇಕು. ಇದರಲ್ಲಿ ರಾಜಿಗೆ ನಾವು ಸಿದ್ಧರಿಲ್ಲ.

ಮಾರಬೇಕೋ, ತಡೆಯಬೇಕೋ ಎಂದು ತೀರ್ಮಾನಿಸಲು ಆಮದಿನ ಲೆಕ್ಕವೂ ಬೇಕು. ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ದರ ಗೊತ್ತುಮಾಡಿತು. ಶ್ರೀಲಂಕಾದಿಂದ ವರ್ಷಕ್ಕೆ 2,500 ಟನ್ ಸುಂಕವಿಲ್ಲದೆ ಬರಲು ಮುಕ್ತ ವ್ಯಾಪಾರ ಒಪ್ಪಂದದಡಿ ಅವಕಾಶವಿದೆ. ಯಾವ ತಿಂಗಳು ಎಷ್ಟು ಬಂತೆಂಬ ಅಂಕಿಯನ್ನು ಕೇಂದ್ರದಿಂದ ಪಡೆದು ಕನ್ನಡದಲ್ಲಿ ಅದೇ ಪುಟದಲ್ಲಿ ಹಾಕಿದರೆ ಬೆಳೆಗಾರ ಗಾಳಿಸುದ್ದಿಗೆ ಹೆದರಿ ಕಾಳು ಮಾರುವುದು ತಪ್ಪುತ್ತದೆ.

ಇದಲ್ಲದೆ, ನಮ್ಮಲ್ಲಿ ಕೆಲವರು ಬಿಳಿ ಮೆಣಸು ತಯಾರಿಸುತ್ತಿದ್ದು, ಅದಕ್ಕೂ ಪ್ರತ್ಯೇಕ ಸಾಲು ಒದಗಿಸಬೇಕು.  ಒಟಿಪಿ ಇಲ್ಲದೆ ದರ ನೋಡಲು ಅನುಕೂಲ ಮಾಡಬೇಕು. ಗುಡ್ಡದ ಮನೆಗಳಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗದೆ ಒಟಿಪಿ ಬರುವುದಿಲ್ಲ. ಜಾಲತಾಣದ ಅಕ್ಷರಗಳೂ ದೊಡ್ಡವಾಗಲಿ. 

ಮುಂದಿನ ಕೊಯ್ಲು ಆರಂಭವಾಗುವ ಮುನ್ನ ದರ್ಜೆವಾರು ಧಾರಣೆ ಜಾಲತಾಣದಲ್ಲಿ ಕಾಣಬೇಕು. ಈ ಮನವಿಗೆ ಮೂವತ್ತು ದಿನಗಳೊಳಗೆ, ‘ಪರಿಶೀಲನೆಯಲ್ಲಿದೆ’ ಎಂಬ ಮಾತಿಲ್ಲದ ಲಿಖಿತ ಉತ್ತರ ಕೊಡಬೇಕೆಂದು ಪ್ರಾರ್ಥಿಸುತ್ತೇವೆ. ಬಾರದಿದ್ದಲ್ಲಿ ತಮ್ಮ ಕಚೇರಿಯ ಮುಂದೆ ಧರಣಿ ಕೂರುವುದು ಅನಿವಾರ್ಯವಾಗುತ್ತದೆ.


ತಮ್ಮ ವಿಶ್ವಾಸಿಗಳು,
ಸಹಿ ಮಾಡಿದ ಬೆಳೆಗಾರರು