ಖಬರಸ್ಥಾನದ ಗುರುತು ಯಾವುದಾಗಬೇಕು?

ಮರಣ ಎಲ್ಲರಿಗೂ ಸಮಾನ. ಆದರೆ ಮರಣಿಸಿದವರ ನೆಲವನ್ನು ತೋರಿಸುವ ಚಿಹ್ನೆ ಎಲ್ಲರಿಗೂ ಸಮಾನವಾಗಿಲ್ಲ. ಎಷ್ಟೋ ನಕ್ಷೆಗಳಲ್ಲಿ, ಫಲಕಗಳಲ್ಲಿ ದಫನ ಭೂಮಿ ಎಂದರೆ ಒಂದು ಶಿಲುಬೆ, ಇಲ್ಲವೇ ಮೇಲ್ತುದಿ ದುಂಡಗಿರುವ ಗೋರಿಕಲ್ಲು. 2020ರಲ್ಲಿ ಯೂನಿಕೋಡ್ ಪಟ್ಟಿಗೆ ಸೇರಿದ ಗೋರಿಕಲ್ಲಿನ ಇಮೋಜಿಯ ಮೇಲೆ ಹಲವು ಕಂಪನಿಗಳು ‘ಆರ್‌ಐಪಿ’ ಎಂದೂ ಬರೆದಿವೆ. ಇವು ಯುರೋಪಿನ ಚರ್ಚಿನಂಗಳದಿಂದ ಬಂದ ರೂಪಗಳು. ಕ್ರೈಸ್ತ ಬಾಂಧವರ ಸಿಮೆಟರಿಗೆ ಅವು ಸಹಜ, ಗೌರವಾರ್ಹ. ಆದರೆ ಅವನ್ನೇ ಸಾರ್ವತ್ರಿಕ ಚಿಹ್ನೆಗಳೆಂದು ಎಲ್ಲರ ಮೇಲೆ ಹೊರಿಸುವುದನ್ನು ನಾವು ಒಪ್ಪಲಾರೆವು.

ನಮ್ಮ ನಾಡನ್ನೇ ನೋಡಿರಿ. ಇಲ್ಲಿ ಹೂಳುವವರು ಮುಸ್ಲಿಮರು ಮತ್ತು ಕ್ರೈಸ್ತರು ಮಾತ್ರವಲ್ಲ. ಲಿಂಗಾಯತರು ಮೃತರನ್ನು ಕುಳಿತ ಭಂಗಿಯಲ್ಲಿ ಸಮಾಧಿ ಮಾಡುತ್ತಾರೆ. ಹಿಂದೂಗಳ ಅನೇಕ ಸಮುದಾಯಗಳಲ್ಲಿ ಹೂಳುವ ರೂಢಿಯಿದೆ. ದಹನ ಮಾಡುವವರಲ್ಲೂ ಹಸುಗೂಸುಗಳನ್ನು, ಸನ್ಯಾಸಿಗಳನ್ನು ಮಣ್ಣಿಗೆ ಒಪ್ಪಿಸುವ ಪದ್ಧತಿಯುಂಟು. ಇವರೆಲ್ಲರ ನೆಲಕ್ಕೆ ಶಿಲುಬೆಯೂ ಹೊಂದದು, ಚಿತೆಯ ಜ್ವಾಲೆಯೂ ಹೊಂದದು.

ಹಾಗಾದರೆ ನಮ್ಮದಕ್ಕೆ ಅರ್ಧಚಂದ್ರವಿರಲಿ ಎಂದು ನಮ್ಮವರೇ ಹಲವರು ಹೇಳುತ್ತಾರೆ. ಈ ಮಾತನ್ನೂ ನಾವು ಒಪ್ಪುವುದಿಲ್ಲ. ಪ್ರವಾದಿ(ಸ)ರ ಕಾಲದಲ್ಲಿ ಅರ್ಧಚಂದ್ರ ಇಸ್ಲಾಮಿನ ಲಾಂಛನವಾಗಿರಲಿಲ್ಲ. ಮುಖ್ಯವಾಗಿ ಉಸ್ಮಾನಿಯಾ ಸಾಮ್ರಾಜ್ಯದ ಧ್ವಜದ ಮೂಲಕ ಅದು ಮುಸ್ಲಿಮರ ಗುರುತಾಗಿ ಹರಡಿತು. ಪವಿತ್ರ ಕುರ್‌ಆನ್ (2:189) ಬಾಲಚಂದ್ರನನ್ನು ಕಾಲಗಣನೆಯ ಮತ್ತು ಹಜ್ಜ್‌ನ ಸಮಯದ ಸೂಚಕವೆಂದಷ್ಟೇ ಪರಿಚಯಿಸುತ್ತದೆ.

ಒಬ್ಬರ ಚಿಹ್ನೆಗೆ ಇನ್ನೊಬ್ಬರ ಚಿಹ್ನೆಯನ್ನು ಎದುರು ನಿಲ್ಲಿಸುತ್ತ ಹೋದರೆ ಏನಾಗುತ್ತದೆ ಎಂಬುದಕ್ಕೆ ರೆಡ್ ಕ್ರಾಸ್ ಸಂಸ್ಥೆಯ ಇತಿಹಾಸವೇ ಸಾಕ್ಷಿ. ಸ್ವಿಸ್ ಧ್ವಜದ ಬಣ್ಣಗಳನ್ನು ಅದಲು ಬದಲು ಮಾಡಿದಂತಿರುವ ಆ ಕೆಂಪು ಶಿಲುಬೆಗೆ ಧಾರ್ಮಿಕ ಉದ್ದೇಶವಿರಲಿಲ್ಲ. ಆದರೂ 1876ರಲ್ಲಿ ಉಸ್ಮಾನಿಯಾ ಸರಕಾರ ಕೆಂಪು ಅರ್ಧಚಂದ್ರವನ್ನು ಬಳಕೆಗೆ ತಂದಿತು. 1929ರ ಜಿನೀವಾ ಒಪ್ಪಂದ ಅದಕ್ಕೂ, ಇರಾನಿನ ಕೆಂಪು ಸಿಂಹ ಮತ್ತು ಸೂರ್ಯನಿಗೂ ಮನ್ನಣೆ ಕೊಟ್ಟಿತು. ಕೊನೆಗೆ ಯಾವ ಧರ್ಮಕ್ಕೂ ಸೇರದ ಕೆಂಪು ಸ್ಫಟಿಕದ ಚಿಹ್ನೆಯನ್ನು ಅಂಗೀಕರಿಸಲು 2005 ಬರಬೇಕಾಯಿತು.

ಇಷ್ಟಕ್ಕೂ ಚಿಹ್ನೆಯೇ ಬೇಡ, ಸರಳತೆಯೇ ಸಾಕು ಎನ್ನುವವರಿಗೆ ನಮ್ಮ ಉತ್ತರವಿದು: ಸರಳತೆ ಖಬರಿನದು, ಗುರುತು ದ್ವಾರದ್ದು. ಖಬರಿಗೆ ಗಾರೆ ಹಚ್ಚುವುದನ್ನು, ಅದರ ಮೇಲೆ ಕಟ್ಟಡ ಕಟ್ಟುವುದನ್ನು ಪ್ರವಾದಿ(ಸ) ವಿರೋಧಿಸಿದರು. ಆದ್ದರಿಂದಲೇ ಹುಲ್ಲು ಬೆಳೆದ ನಮ್ಮ ಖಬರಸ್ಥಾನ ಅರಿಯದವನ ಕಣ್ಣಿಗೆ ಖಾಲಿ ಜಾಗವಾಗಿ ಕಾಣುತ್ತದೆ. ಖಾಲಿ ಎಂದು ಕಂಡ ಜಾಗಕ್ಕೆ ಕಸ ಬೀಳುತ್ತದೆ, ವಾಹನ ನುಗ್ಗುತ್ತದೆ, ಒತ್ತುವರಿಯ ಬೇಲಿ ಸರಿಯುತ್ತದೆ. ಪರವೂರಿನಲ್ಲಿ ಮರಣ ಸಂಭವಿಸಿ ಮಯ್ಯಿತ್ ಹೊತ್ತು ಬಂದವರಿಗೆ ದಾರಿಯೂ ತಿಳಿಯುವುದಿಲ್ಲ. ಇದೇ ಪ್ರವಾದಿ(ಸ) ಉಸ್ಮಾನ್ ಬಿನ್ ಮಝ್‌ಊನ್(ರ)ರ ಖಬರಿನ ತಲೆಭಾಗದಲ್ಲಿ ಸ್ವತಃ ಒಂದು ಕಲ್ಲನ್ನು ಇರಿಸಿದರೆಂದು ಅಬೂದಾವೂದ್ ವರದಿ ಮಾಡಿದ್ದಾರೆ. ಅದು ಅಲಂಕಾರಕ್ಕಲ್ಲ, ಗುರುತಿಗಾಗಿ.

ಆ ಕಲ್ಲೇ ನಮಗೆ ದಾರಿ ತೋರಲಿ. ಒಂದು ತಗ್ಗಾದ ಮಣ್ಣಿನ ದಿಬ್ಬ, ಅದರ ತುದಿಯಲ್ಲಿ ಕೆತ್ತನೆಯಿಲ್ಲದ ಒಂದು ಕಲ್ಲು, ಇಷ್ಟೇ ಸಾಕು. ಮಣ್ಣು ಮತ್ತು ಕಲ್ಲು ಯಾವ ಧರ್ಮದ ಸ್ವತ್ತೂ ಅಲ್ಲ. ಚಿಹ್ನೆಯ ಕೆಳಗೆ ಖಬರಸ್ಥಾನ, ಸಿಮೆಟರಿ, ರುದ್ರಭೂಮಿ ಎಂದು ಆಯಾ ಜನರ ಹೆಸರು ಸ್ಪಷ್ಟ ಕನ್ನಡದಲ್ಲಿರಲಿ. ಇದು ತೀರ ಹೊಸ ಯೋಚನೆಯೇನಲ್ಲ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಭೂನಕ್ಷೆಗಳಲ್ಲಿ ದೇವಾಲಯ, ಚರ್ಚ್, ಮಸೀದಿ, ಈದ್ಗಾಗಳಿಗೆ ಒಂದೊಂದು ಗುರುತಿದ್ದರೆ, ಸಮಾಧಿಗಳಿಗೆ ಪ್ರತ್ಯೇಕ ಗುರುತಿದೆ.

ಇದರಿಂದ ನಮ್ಮತನ ಅಳಿಯುವುದೇ? ಇಲ್ಲ. ನಮ್ಮತನವಿರುವುದು ಗುಸ್ಲ್, ಕಫನ್ ಮತ್ತು ಜನಾಝಾ ನಮಾಝ್‌ಗಳಲ್ಲಿ, ಕಿಬ್ಲಾದತ್ತ ಮುಖವಿಟ್ಟು ಮಲಗಿಸುವುದರಲ್ಲಿ, ತಗಡಿನ ಫಲಕದಲ್ಲಲ್ಲ. ಯಹೂದಿಯೊಬ್ಬರ ಶವಯಾತ್ರೆ ಹಾದುಹೋದಾಗ ಪ್ರವಾದಿ(ಸ) ಎದ್ದು ನಿಂತರು. ಪ್ರಶ್ನಿಸಿದವರಿಗೆ, ಅದೂ ಒಂದು ಮಾನವ ಜೀವವೆಂದು ನೆನಪಿಸಿದರು. ಎಲ್ಲರ ಮೃತರಿಗೂ ಸಲ್ಲುವ ಚಿಹ್ನೆ ಆ ಎದ್ದು ನಿಂತ ಗೌರವದ ಮುಂದುವರಿಕೆಯಾಗಿದೆ.

ಜಮಾಅತ್ ಕಮಿಟಿಗಳು ಮಿನಾರದ ಎತ್ತರವನ್ನು ಚರ್ಚಿಸುವ ಮೊದಲು ಖಬರಸ್ಥಾನದ ದ್ವಾರಕ್ಕೊಂದು ಫಲಕ ಹಾಕಿಸಲಿ. ನಾಳೆ ಅಲ್ಲಿಗೆ ಹೋಗಬೇಕಾದವರು ನಾವೇ. ಅಲ್ಲಾಹನು ನಮ್ಮ ಅಗಲಿದವರಿಗೆ ಮಗ್ಫಿರತ್ ನೀಡಲಿ. ಆಮೀನ್.